ಖಂಡಪ್ಪ ಅಡ್ಡಗೆರೆ ಎಳೆದ ಸಾಲು

ಮುಂಜಾನೆ ಐದಕ್ಕೆ ಖಂಡಪ್ಪ ತಣ್ಣೀರು ಸುರುವಿಕೊಂಡು, ಹಣೆಗೆ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ, ಕಾಲೇಜಿನ ಹಿತ್ತಲಲ್ಲಿದ್ದ ತಗಡಿನ ಕೋಣೆಯ ಕೀಲಿ ತೆಗೆಯುತ್ತಿದ್ದ. ಒಳಗೆ ಒಂದು ಮರದ ಮೇಜು. ಮೇಜಿನ ಮೇಲೆ ಹಿತ್ತಾಳೆಯ ಡಬ್ಬಿ, ಡಬ್ಬಿಯ ಬಾಯಲ್ಲಿ ಉಗುರಿಗಿಂತ ತೆಳುವಾದ ಒಂದು ಹರಳು. ಯಂತ್ರ ಚಾಲೂ ಮಾಡಿದ ಮೇಲೆ ಅವನು ಮೊದಲು ಮಾಡುತ್ತಿದ್ದ ಕೆಲಸವೆಂದರೆ ತನ್ನ ಬಲಗೈಯನ್ನು ಆ ಹರಳಿನ ಎದುರಿಗೆ, ಮುಟ್ಟದೆ, ನಿಧಾನವಾಗಿ ಆಡಿಸುವುದು. ಅಂಗೈಯ ಬಿಸಿ ಗಾಳಿಯನ್ನು ದಾಟಿ ಹರಳಿಗೆ ತಾಕಿದೊಡನೆ ಮೀಟರಿನ ಮುಳ್ಳು ಜಿಗಿಯುತ್ತಿತ್ತು. ಆಗ ಅವನು ತಲೆಬಾಗಿ ಅಳತೆ ಬರೆಯುವ ದಫ್ತರ ಬಿಚ್ಚುತ್ತಿದ್ದ.

"ಆರತಿ ಆತೇನೋ ಖಂಡಪ್ಪಾ?" ಎಂದು ಪ್ರೊಫೆಸರ್ ದಿಗಂಬರರಾಯರು ಬಾಗಿಲಲ್ಲಿ ನಿಂತು ಚೇಷ್ಟೆ ಮಾಡುತ್ತಿದ್ದರು.

"ಆತ್ರಿ ಸರ್. ದೇವ್ರು ಎಚ್ಚರ ಅದಾನ."

ಖಂಡಪ್ಪ ನಮ್ಮ ಅಕ್ಕಲಕೋಟೆಯವನು. ಮ್ಯಾಟ್ರಿಕ್ ಮುಗಿಸಿ, ಸೊಲ್ಲಾಪುರದ ಒಂದು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಗೆ ಸಹಾಯಕನಾಗಿ ಸೇರಿ, ಹೆಂಡತಿ ಸಾತವ್ವನೊಡನೆ ಅಲ್ಲಿಯೇ ಮನೆ ಹೂಡಿದ್ದ. ಪ್ರತಿ ಸೋಮವಾರ ಸಂಜೆಯ ಎಸ್.ಟಿ. ಬಸ್ಸಿಗೆ ಊರಿಗೆ ಬಂದು, ತಾಯಿ ಕಾಶೀಬಾಯಿಯ ಕಾಲು ಮುಟ್ಟಿ, ನಾನು ನಡೆಸುವ ಸತ್ಸಂಗದಲ್ಲಿ ಹಿಂದಿನ ಸಾಲಿಗೆ ಕುಳಿತುಕೊಳ್ಳುತ್ತಿದ್ದ. ಕಂಬಕ್ಕೆ ಬೆನ್ನು ಕೊಟ್ಟವನಲ್ಲ. ಅವನ ಬಾಯಿಂದ ಸುಳ್ಳು ಕೇಳಿದವರು ಅಕ್ಕಲಕೋಟೆಯಲ್ಲಿ ಯಾರೂ ಇಲ್ಲ. ಅಂಥವನ ಕೈಯಿಂದ ಒಂದು ಸುಳ್ಳು ಹೇಗೆ ಬಂದಿತು, ಅದಕ್ಕೆ ಅವನು ಏನು ತೆತ್ತ ಎಂಬುದನ್ನು ಅವನ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಓದುವವರು ಅವನನ್ನು ಅಳೆಯುವ ಮೊದಲು ತಮ್ಮ ತಮ್ಮ ದಫ್ತರವನ್ನು ಒಮ್ಮೆ ತೆರೆದು ನೋಡಿಕೊಳ್ಳಲಿ ಎಂದು ನನ್ನ ಪ್ರಾರ್ಥನೆ.

ದಿಗಂಬರರಾಯರು ಬಹಳ ವರ್ಷಗಳಿಂದ ಒಂದು ಬಗೆಯ ಉಪ್ಪಿನ ದ್ರಾವಣದಲ್ಲಿ ಹರಳು ಬೆಳೆಸುತ್ತಿದ್ದರು. ಬೆಂಕಿಯಿಂದಲೂ ಬಿಸಿಯಾದ ಯಾವುದೇ ವಸ್ತುವಿನಿಂದಲೂ ಹೊಮ್ಮುವ, ಕಣ್ಣಿಗೆ ಕಾಣದ ಕಿರಣ ಆ ಹರಳಿಗೆ ಕಾಣುತ್ತದೆ. ಕಿರಣ ಬಿದ್ದು ಹರಳು ಕೂದಲೆಳೆಯಷ್ಟು ಬಿಸಿಯಾದರೂ ಅದರ ಎರಡು ಮೈಗಳ ನಡುವೆ ತುಸು ವಿದ್ಯುತ್ತು ಹುಟ್ಟುತ್ತದೆ. ಆದರೆ ಅದಕ್ಕೆ ಬದಲಾವಣೆ ಮಾತ್ರ ತಿಳಿಯುತ್ತದೆ. ಬಿಸಿ ಒಂದೇ ಸಮನಾಗಿ ನಿಂತರೆ ಅದು ಸುಮ್ಮನಾಗುತ್ತದೆ. ಅದಕ್ಕಾಗಿ ಹರಳಿನ ಮುಂದೆ ಸೀಳುಗಳಿರುವ ಒಂದು ಚಕ್ರ ಸದಾ ತಿರುಗುತ್ತಿರಬೇಕು. ಆಗ ನಿಂತ ಬಿಸಿಯೂ ಕ್ಷಣಕ್ಕೊಮ್ಮೆ ಮರೆಯಾಗಿ, ಕ್ಷಣಕ್ಕೊಮ್ಮೆ ಎದುರಾಗಿ, ಹರಳು ಎಚ್ಚರವಾಗಿರುತ್ತದೆ.

ಇಂಥ ಪ್ರತಿಯೊಂದು ಹರಳಿನ ಶಕ್ತಿ ಎಷ್ಟೆಂದು ಅಳೆಯುವುದು ಖಂಡಪ್ಪನ ಕೆಲಸ. ಒಳಗೆಲ್ಲ ಮಸಿ ಬಳಿದ ಒಂದು ತಾಮ್ರದ ಕುಲುಮೆಯನ್ನು ಗೊತ್ತಾದ ಬಿಸಿಗೆ ಕಾಯಿಸುತ್ತಿದ್ದ. ಅದಕ್ಕೆ ಅವನಿಟ್ಟ ಹೆಸರು ಕರಿ ಒಲಿ. ಮೊದಲು ಒಲೆಯ ಬಾಯಿ ಮುಚ್ಚಿ, ಏನೂ ಕಾಣದಿರುವಾಗ ಮುಳ್ಳು ತನ್ನಷ್ಟಕ್ಕೆ ಎಷ್ಟು ನಡುಗುತ್ತದೆ ಎಂದು ನೋಡಬೇಕು. ಆಮೇಲೆ ಬಾಯಿ ತೆರೆದು ಎಷ್ಟು ಏಳುತ್ತದೆ ಎಂದು ನೋಡಬೇಕು. ಏಳುವುದು ನಡುಗುವುದಕ್ಕಿಂತ ಎಷ್ಟು ಪಾಲು ಹೆಚ್ಚೋ ಅಷ್ಟು ಹರಳಿನ ಯೋಗ್ಯತೆ. ಚಕ್ರದ ವೇಗ ಬದಲಿಸಿ ಮತ್ತೆ ಅಳೆಯಬೇಕು. ಪ್ರತಿ ಸಾಲಿಗೂ ತಾರೀಖು, ಗಂಟೆ, ಕೋಣೆಯ ಉಷ್ಣಮಾನ, ಕೊನೆಯಲ್ಲಿ ಷರಾ ಬರೆಯಬೇಕು. ಉಷ್ಣಮಾನದ ಅಂಕಣವನ್ನು ಓದುವವರು ಯಾರೂ ಇರಲಿಲ್ಲ. ಆದರೂ ಖಂಡಪ್ಪ ಅದನ್ನು ಒಂದು ದಿನವೂ ಖಾಲಿ ಬಿಟ್ಟವನಲ್ಲ.

ಕಾಲೇಜಿನ ಗೋಡೆಯಾಚೆ ಮಗ್ಗಗಳ ಪೇಟೆ. ಬೆಳಗಿನ ಎಂಟಕ್ಕೆ ಪವರ್‌ಲೂಮುಗಳು ಶುರುವಾದರೆ ನೆಲವೇ ಅದುರುತ್ತಿತ್ತು. ಬಿಸಿಯನ್ನು ಅರಿಯುವ ಆ ಹರಳು ಅದುರುವಿಕೆಯನ್ನೂ ಅರಿಯುತ್ತದೆ. ಮುಳ್ಳು ಹುಚ್ಚುಹಿಡಿದಂತೆ ಕುಣಿಯುತ್ತಿತ್ತು. ಆದ್ದರಿಂದ ದಿಗಂಬರರಾಯರು ಒಂದು ನಿಯಮ ಮಾಡಿದ್ದರು: ಅಳತೆಯೆಲ್ಲ ಮಗ್ಗ ಏಳುವ ಮೊದಲೇ ಮುಗಿಯಬೇಕು. ಮಗ್ಗ ನಡೆಯುವಾಗ ತೆಗೆದ ಅಳತೆಗೆ ಅಡ್ಡಗೆರೆ ಎಳೆದು, ಷರಾದಲ್ಲಿ 'ಮಗ್ಗದ ಗದ್ದಲ' ಎಂದು ಬರೆದು, ಲೆಕ್ಕದಿಂದ ಬಿಡಬೇಕು. ಹೀಗಾಗಿ ಆ ಕೋಣೆಯಲ್ಲಿ ಆರು ವರ್ಷ ಅಳೆದ ಹರಳುಗಳೆಲ್ಲ ಸೊಲ್ಲಾಪುರದ ಮುಂಜಾವನ್ನು ಮಾತ್ರ ಕಂಡಿದ್ದವು. ಸೊಲ್ಲಾಪುರದ ಮಧ್ಯಾಹ್ನವನ್ನು ಒಂದೂ ಕಂಡಿರಲಿಲ್ಲ.

ಒಂದೇ ಒಂದು ಕಂಡಿತ್ತು.

ಸಾವಿರದ ಒಂಬೈನೂರ ಎಪ್ಪತ್ತಾರರ ಮೇ ತಿಂಗಳ ಹದಿನಾಲ್ಕನೆಯ ತಾರೀಖು. ಮುಂಜಾನೆ ಕರೆಂಟು ಇರಲಿಲ್ಲ. ಅದು ಬಂದದ್ದು ಮಧ್ಯಾಹ್ನ ಒಂದು ಗಂಟೆಯ ಮೇಲೆ. ದಿಗಂಬರರಾಯರು ವಿಜಾಪುರ ರಸ್ತೆಯ ತಮ್ಮ ಮನೆಗೆ ಊಟಕ್ಕೆ ಹೋಗಿದ್ದರು. ಒಂದು ಹರಳನ್ನು ಅಂದೇ ಅಳೆದು ಮುಗಿಸಬೇಕಾಗಿತ್ತು. ಎರಡು ಗಂಟೆಗೆ ಖಂಡಪ್ಪ ತಗಡಿನ ಕೋಣೆಯನ್ನು ಹೊಕ್ಕು, ಹೆಗಲ ಮೇಲಿನ ವಸ್ತ್ರದಿಂದ ಬೆವರು ಒರೆಸಿಕೊಂಡು, ಅಂಗೈ ತೋರಿಸಿದ. ಮುಳ್ಳು ಏಳಲಿಲ್ಲ. ಕರಿ ಒಲೆಯ ಬಾಯಿ ತೆರೆದ. ಆಗಲೂ ಏಳಲಿಲ್ಲ. ಗೋಡೆಯಾಚೆ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಅವನು ಗೋಡೆಯ ಉಷ್ಣಮಾಪಕ ನೋಡಿ 'ಐವತ್ತು' ಎಂದು ಬರೆದ. ಮುಳ್ಳಿನ ಅಂಕಣದಲ್ಲಿ ಸೊನ್ನೆ ಬರೆದ. ಆಮೇಲೆ ಅಡ್ಡಗೆರೆ ಎಳೆದು, ರೂಢಿಯಂತೆ 'ಮಗ್ಗದ ಗದ್ದಲ' ಎಂದು ಷರಾ ಹಾಕಿ ಪೆನ್ಸಿಲು ಕೆಳಗಿಟ್ಟ. ಮರುದಿನ ಮುಂಜಾನೆ ಅದೇ ಹರಳು ಅಂಗೈಗೆ ಜಿಗಿಯಿತು. ಅಳತೆ ಸರಿಬಂತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಮಗ್ಗದ ಗದ್ದಲವಾದರೆ ಮುಳ್ಳು ಕುಣಿಯಬೇಕು. ಅಂದು ಅದು ಕುಣಿಯಲಿಲ್ಲ, ಸತ್ತು ಮಲಗಿತ್ತು. ಎರಡರ ನಡುವಿನ ಅಂತರ ಸೊಲ್ಲಾಪುರದಲ್ಲಿ ಖಂಡಪ್ಪನಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲ. ಪೆನ್ಸಿಲು ಆ ಎರಡು ಶಬ್ದ ಬರೆಯುವಾಗಲೇ ಅವನ ಎದೆಯಲ್ಲಿ ಏನೋ ಕೊಂಕಿತ್ತಂತೆ. ಆದರೆ ಬಿಸಿಲು, ಹಸಿವು, ಆರು ವರ್ಷದ ರೂಢಿ, ಮೇಲಾಗಿ ಮರುದಿನದ ಸರಿಯಾದ ಅಳತೆ, ಎಲ್ಲವೂ ಸೇರಿ ಆ ಕೊಂಕನ್ನು ಮುಚ್ಚಿಹಾಕಿದವು.

ಆ ವರ್ಷದ ಚಳಿಗಾಲದಲ್ಲಿ ಊರಿನ ಒಂದು ಸಣ್ಣ ಗಿರಣಿಯವರು ತಮ್ಮ ಹತ್ತಿಯ ಗೋದಾಮಿಗೆ ಬೆಂಕಿಯ ಸೂಚನೆ ಕೊಡುವ ಪೆಟ್ಟಿಗೆ ಬೇಕೆಂದು ದಿಗಂಬರರಾಯರನ್ನು ಕೇಳಿದರು. ಹರಳು, ಚಕ್ರ, ಗಂಟೆ ಸೇರಿಸಿ ಪೆಟ್ಟಿಗೆ ಸಿದ್ಧವಾಯಿತು. ಕೆಳಗಿನ ಹತ್ತಿಯ ರಾಶಿಯೆಲ್ಲ ಅದಕ್ಕೆ ಕಾಣಬೇಕೆಂದು ಅದನ್ನು ಗೋದಾಮಿನ ತೊಲೆಗೆ, ತಗಡಿನ ಹೊದಿಕೆಯ ಕೆಳಗೆ ಬಿಗಿದರು. ಖಂಡಪ್ಪನೇ ಏಣಿ ಹತ್ತಿ ಬಿಗಿದ. ಕೆಳಗೆ ಹತ್ತಿಯ ಕಸ ಆರಿಸುವ ಹೆಂಗಸರು ಕುಳಿತಿದ್ದರು. ಅವರಲ್ಲಿ ಕಂದಲಗಾಂವವೆಂಬ ಹಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಮಲಕಮ್ಮನೂ ಅವಳ ಗೆಳತಿ ಸೋಮವ್ವನೂ ಇದ್ದರು. ಮಲಕಮ್ಮನ ಗಂಡ ಭೀಮಣ್ಣ ಅದೇ ಗೋದಾಮಿನ ವಾಚಮನ್.

ಖಂಡಪ್ಪ ದೀಪದ ಬತ್ತಿಯೊಂದನ್ನು ಹೊತ್ತಿಸಿ ದೂರದಿಂದ ತೋರಿಸಿದ. ಗಂಟೆ ಬಾರಿಸಿತು. ಹೆಂಗಸರು ಬೆಚ್ಚಿ ನಕ್ಕರು.

"ಯಣ್ಣಾ, ನನ್ನ ಗಂಡ ಕದ್ದು ಬೀಡಿ ಸೇದಿದ್ರೂ ಇದು ಒದರತೈತೇನು?" ಎಂದು ಮಲಕಮ್ಮ ಕೇಳಿದಳು.

"ಒದರತೈತಿ ತಂಗಿ."

"ಹಂಗಾದ್ರ ಮನ್ಯಾಗೂ ಒಂದು ಹಚ್ಚಿಕೊಡು. ನಾ ಎಷ್ಟಂತ ಮೂಸಿ ನೋಡ್ಲಿ?"

ಭೀಮಣ್ಣ ಬಾಗಿಲಲ್ಲಿ ನಿಂತು, "ನನ್ನ ಕಾಯಾಕ ಇಷ್ಟು ದಿವಸ ಈಕಿ ಸಾಕಾಗಿತ್ತು, ಈಗ ಪೆಟಿಗಿ ಬ್ಯಾರೆ" ಎಂದ.

ಎಲ್ಲರೂ ನಕ್ಕ ಮೇಲೆ ಖಂಡಪ್ಪ ಗಂಭೀರನಾಗಿ ಹೇಳಿದ: "ನೋಡ್ರವಾ, ನಿಮ್ಮ ಮೂಗಿಗಿಂತ ಮೊದಲ ಇದಕ್ಕ ತಿಳೀತೈತಿ. ಗಂಟಿ ಹೊಡದ್ರ ಎಲ್ಲಾ ಬಿಟ್ಟು ಹೊರಗ ಓಡ್ರಿ. ಹೊಡೀಲಿಲ್ಲಂದ್ರ ನಿಶ್ಚಿಂತಿ ಇರ್ರಿ. ನಾನ ಅಳದೀನಿ ಇದನ್ನ."

ಈ ಮಾತು ಅವನು ಆಡಿದ್ದು ಒಳ್ಳೆಯ ಮನಸ್ಸಿನಿಂದ. ಆದರೆ ಮುಂದೆ ಅವನನ್ನು ಸುಟ್ಟದ್ದೂ ಇದೇ ಮಾತು.

ಎಪ್ಪತ್ತೇಳರ ಮೇ ತಿಂಗಳ ಒಂಬತ್ತನೆಯ ತಾರೀಖು, ಮಧ್ಯಾಹ್ನ ಎರಡೂವರೆಗೆ ಆ ಗೋದಾಮಿಗೆ ಬೆಂಕಿ ಬಿತ್ತು. ಹೆಂಗಸರು ರೊಟ್ಟಿ ಬಿಚ್ಚಿಕೊಂಡು ಗೋದಾಮಿನ ಒಳಮೂಲೆಯಲ್ಲಿ ಕುಳಿತಿದ್ದರು. ಹತ್ತಿಯ ರಾಶಿ ಒಳಗಿಂದೊಳಗೆ ಹೊಗೆಯಾಡಿ ಕಮಟು ವಾಸನೆ ಬಂದಾಗ ಸೋಮವ್ವ ಎದ್ದು ನಿಂತಳು. ಮಲಕಮ್ಮ ಮೇಲಿನ ಪೆಟ್ಟಿಗೆಯ ಕಡೆ ನೋಡಿ, "ಗಂಟಿ ಹೊಡದಿಲ್ಲಲ್ಲ, ಕುಂದ್ರ. ಎಲ್ಲ್ಯೋ ಹೊರಗ ಕಸಾ ಸುಡಾಕತ್ತಾರ" ಎಂದಳಂತೆ. ಸೋಮವ್ವ ಕೂರಲಿಲ್ಲ. ನೀರಿನ ಕೊಡದ ನೆಪದಲ್ಲಿ ಹೊರಗೆ ಬಂದಳು. ಅವಳು ಹಿಂದಿರುಗಿ ನೋಡುವಷ್ಟರಲ್ಲಿ ಬಾಗಿಲ ಅರ್ಧಕ್ಕೆ ಬೆಂಕಿ ನಿಂತಿತ್ತು. ಉಳಿದವರು ಕೂಗುತ್ತ ದಾಟಿಬಂದರು. ಒಳಮೂಲೆಯಲ್ಲಿದ್ದ ಮಲಕಮ್ಮ ಬರಲಿಲ್ಲ. ಭೀಮಣ್ಣ ಎರಡು ಸಲ ಒಳಗೆ ನುಗ್ಗಿದ. ಎರಡನೆಯ ಸಲ ಅವಳನ್ನು ಹೊರಗೆ ತಂದಾಗ ಅವನ ಎರಡೂ ಕೈಗಳ ಚರ್ಮ ಸುಲಿದಿತ್ತು, ಅವಳಲ್ಲಿ ಜೀವ ಇರಲಿಲ್ಲ.

ಆಮೇಲೆ ನಡೆದದ್ದು ಸಾವಿಗಿಂತ ಕ್ರೂರವಾದದ್ದು. ಗಂಟೆ ಏಕೆ ಬಾರಿಸಲಿಲ್ಲ ಎಂಬ ಚೌಕಶಿ ಶುರುವಾಯಿತು. ಗಂಟೆಯ ಬಟನ್ನು ಇದ್ದದ್ದು ವಾಚಮನ್ನನ ಕೋಣೆಯಲ್ಲಿ. ಬಿಸಿಲ ಹೊತ್ತಿನಲ್ಲಿ ನಿದ್ದೆ ಕೆಡಬಾರದೆಂದು ಭೀಮಣ್ಣನೇ ಬಟನ್ನು ಬಂದು ಮಾಡಿ ಮಲಗಿದ್ದನೆಂದು ಗಿರಣಿಯ ಮ್ಯಾನೇಜರರು ಬರೆದುಕೊಟ್ಟರು. ಬೆಂಕಿ ತೊಲೆಯ ಆ ತುದಿಯನ್ನು ಮುಟ್ಟಿರಲಿಲ್ಲವಾದ್ದರಿಂದ ಪೆಟ್ಟಿಗೆ ಉಳಿದಿತ್ತು. ಅದನ್ನು ಅಂದೇ ಪರೀಕ್ಷೆಗೆಂದು ಕಾಲೇಜಿಗೆ ಕಳಿಸಿದರು. ಮರುದಿನ ಖಂಡಪ್ಪ ಎಂದಿನಂತೆ ಮುಂಜಾನೆ ಐದೂವರೆಗೆ ಅಂಗೈ ತೋರಿಸಿದ. ಮುಳ್ಳು ಜಿಗಿಯಿತು. ಕರಿ ಒಲೆ ತೋರಿಸಿದ. ಅಳತೆ ಒಂದು ಕೂದಲೂ ಕಡಿಮೆಯಾಗಿರಲಿಲ್ಲ. 'ಉಪಕರಣ ನಿರ್ದೋಷ' ಎಂದು ಬರೆದು ಸಹಿ ಹಾಕಿದ.

ಆ ಸಹಿಯೊಡನೆ ಭೀಮಣ್ಣ ಅಪರಾಧಿಯಾದ. ಪೆಟ್ಟಿಗೆ ಸರಿಯಿದ್ದರೆ ಬಟನ್ನೇ ಬಂದಾಗಿರಬೇಕು. ಕಂದಲಗಾಂವದಲ್ಲಿ ಮಲಕಮ್ಮನ ಅಣ್ಣ ಗೊಲ್ಲಾಳಪ್ಪ, ಅಂದು ಸಂಜೆ ತಂಗಿಯ ಮಣ್ಣಿಗೆ ಬಂದ ಭೀಮಣ್ಣನನ್ನು ಎಲ್ಲರ ಎದುರಿಗೆ ತಡೆದು, "ನಿದ್ದಿಗಣ್ಣಾಗ ಕೊಂದಿ, ಈಗ ಎಚ್ಚರಾಗಿ ಅಳಾಕ ಬಂದಿಯೇನು?" ಎಂದನಂತೆ. ಹೆಂಡತಿಯ ಗುಂಡಿಗೆ ಹಿಡಿ ಮಣ್ಣು ಹಾಕಲು ಬಿಡಲಿಲ್ಲ. ಹಾಕಬೇಕೆಂದರೂ ಆ ಕೈಗಳಿಗೆ ಬಟ್ಟೆ ಸುತ್ತಿತ್ತು.

ಈ ಸುದ್ದಿ ಖಂಡಪ್ಪನಿಗೆ ತಿಳಿದದ್ದು ಸೋಮವ್ವನಿಂದ. ಅವಳು ಕಾಲೇಜಿನ ಗೇಟಿಗೇ ಬಂದಿದ್ದಳು.

"ಅಣ್ಣಾ, ಆಂವ ಮಲಗಿರಲಿಲ್ಲೋ. ನಾ ನೀರಿಗೆ ಬಂದಾಗ ಬಾಗಿಲದಾಗ ಕುಂತು ಹಗ್ಗಾ ಹೊಸಿಯಾಕತ್ತಿದ್ದ. ನನ್ನ ಮಾತ ಯಾರೂ ಬರಕೊಳ್ಳವಲ್ಲರು."

"ನೀ ಕಣ್ಣಾರ ನೋಡೀದಿ?"

"ನೋಡೀನಿ. ನಿನ್ನ ಪೆಟಿಗೀನ ಮೂಕಾತು."

"ಪೆಟಿಗಿ ಸುದ್ದ ಐತವ್ವಾ. ಮುಂಜಾನಿ ನಾನ ಅಳದೀನಿ."

ಸೋಮವ್ವ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಬೆಂಕಿ ಬಿದ್ದದ್ದು ಮುಂಜಾನಿ ಅಲ್ಲಲ್ಲೋ ಯಣ್ಣಾ."

ಶಿವನು ಯಾರ ಬಾಯಿಂದ ನುಡಿಯುತ್ತಾನೆ ಎಂದು ನಾವು ಹೇಳಲಾರೆವು. ಓದು ಬರಹವಿಲ್ಲದ ಆ ಹೆಣ್ಣುಮಗಳ ಮಾತು ಕೇಳಿ ಖಂಡಪ್ಪ ಗೇಟಿನಿಂದ ನೇರ ತಗಡಿನ ಕೋಣೆಗೆ ಹೋಗಿ, ಹಿಂದಿನ ವರ್ಷದ ದಫ್ತರ ತೆಗೆದ. ಮೇ ಹದಿನಾಲ್ಕು. ಎರಡು ಗಂಟೆ. ಐವತ್ತು. ಸೊನ್ನೆ. ಮಗ್ಗದ ಗದ್ದಲ. ಅದು ತನ್ನ ಅಕ್ಷರ. ಮೇಲೆ ಅಳತೆಪಟ್ಟಿ ಇಟ್ಟು ನೀಟಾಗಿ ಎಳೆದ ಗೆರೆಯೂ ತನ್ನದೇ.

ಅಂದು ಮಧ್ಯಾಹ್ನ ಅವನು ಅದೇ ಪೆಟ್ಟಿಗೆಯನ್ನು ಬಿಸಿಲಿಗೆ ಕಾದ ಕೋಣೆಯಲ್ಲಿಟ್ಟು, ಪಕ್ಕದಲ್ಲಿ ಉಷ್ಣಮಾಪಕ ನೇತುಹಾಕಿ ಕುಳಿತ. ನಲವತ್ತಾರರವರೆಗೆ ಮುಳ್ಳು ಅಂಗೈಗೆ ಏಳುತ್ತಿತ್ತು. ನಲವತ್ತೆಂಟಕ್ಕೆ ಅದು ಸೋತಿತು. ನಲವತ್ತೊಂಬತ್ತು ದಾಟಿದ ಮೇಲೆ ಹರಳು ಅಂಗೈಯನ್ನೂ ಕಾಣಲಿಲ್ಲ, ಕರಿ ಒಲೆಯನ್ನೂ ಕಾಣಲಿಲ್ಲ. ಮಗ್ಗಗಳು ಬಡಿಯುತ್ತಲೇ ಇದ್ದವು. ಅವನು ಬೆಂಕಿಯ ಮುಂದೆ ಕುರುಡಾದ ಆ ಹರಳಿನ ಎದುರು ಕೈ ಆಡಿಸುತ್ತ ಸಂಜೆಯವರೆಗೆ ಕುಳಿತಿದ್ದ.

ಆ ಸೋಮವಾರ ಸತ್ಸಂಗ ಮುಗಿದ ಮೇಲೆ ಅವನು ಏಳಲಿಲ್ಲ. ಎಲ್ಲರೂ ಹೋದ ಬಳಿಕ ನನ್ನ ಮುಂದೆ ದಫ್ತರ ಬಿಚ್ಚಿಟ್ಟು ಎಲ್ಲವನ್ನೂ ಹೇಳಿದ. ನನಗೆ ಉಪನ್ಯಾಸದ ಚಾಳಿ. ಅವನನ್ನು ಸಮಾಧಾನಪಡಿಸಲು, ಸಂಸಾರದ ತಾಪದಲ್ಲಿ ಬಹಳ ದಿನ ಬೆಂದ ಜೀವವೂ ಹೀಗೆಯೇ ಜಡವಾಗುತ್ತದೆ, ಪರರ ಉರಿ ಅದಕ್ಕೆ ತಿಳಿಯದಾಗುತ್ತದೆ, ಹರಳು ನಮಗೆಲ್ಲ ಪಾಠ ಎಂದು ಮಾತು ಬೆಳೆಸಿದೆ. ಅವನು ಕೈಮುಗಿದು ತಡೆದ.

"ಅಣ್ಣಾರ, ಹರಳಿನ ಮ್ಯಾಲ ಹೊರಸಬ್ಯಾಡ್ರಿ. ಹರಳು ತನ್ನ ಗುಣಾ ತೋರಿಸ್ತು. ಸೊನ್ನಿ ಅಂದ್ರ ಸೊನ್ನಿ ಅಂತು. ಅದು ಮಗ್ಗದ್ದು ಅಂತ ಬರದಾಂವ ನಾನು."

ನಾನು ಉಪನ್ಯಾಸ ಬಿಟ್ಟು, ಈಗೇನು ಮಾಡುತ್ತಿ ಎಂದು ಕೇಳಿದೆ.

"ಚೌಕಶಿ ಸಾಹೇಬರ ಮುಂದ ಹರಳು ಕಾಸಿ ತೋರಸ್ತೀನ್ರಿ. ಅಷ್ಟಕ್ಕ ಬಿಟ್ರೂ ಬಿಡಬಹುದು ಭೀಮಣ್ಣನ್ನ."

"ಬಿಡದಿದ್ದರೆ?"

ಅವನು ದಫ್ತರವನ್ನು ಮುಚ್ಚಿ ಎದೆಗೆ ಹಿಡಿದುಕೊಂಡ. "ಅದನ್ನ ಕೇಳಾಕ ಬಂದೀನ್ರಿ."

ಪರಮಾತ್ಮನ ಮುಂದೆ ಮುಚ್ಚಿದ ಪುಟ ಇಲ್ಲ ಎಂದಷ್ಟೇ ನಾನು ಹೇಳಿದೆ. ಮರುದಿನ ಮೊದಲ ಬಸ್ಸಿಗೆ ಅವನು ಹೊರಟುಹೋದ.

ದಿಗಂಬರರಾಯರು ಕೆಟ್ಟವರಲ್ಲ. ಖಂಡಪ್ಪನ ಮಾತು ಕೇಳಿ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ನಲವತ್ತೊಂಬತ್ತು ಡಿಗ್ರಿಯ ಮೇಲೆ ಆ ಹರಳಿನ ಗುಣ ಅಳಿಯುತ್ತದೆಂದು ಅವರು ಪುಸ್ತಕದಲ್ಲಿ ಓದಿದ್ದರು. ಊರಿನ ಬಿಸಿಲು ಪತ್ರಿಕೆಯಲ್ಲಿ ನಲವತ್ನಾಲ್ಕನ್ನು ದಾಟುವುದಿಲ್ಲ, ಐದು ಡಿಗ್ರಿಯ ಅಂತರವಿದೆ ಎಂದು ನಿಶ್ಚಿಂತರಾಗಿದ್ದರು. ಪತ್ರಿಕೆಯ ಅಂಕಿ ನೆರಳಿನದು, ತಗಡಿನ ಅಡಿಯದಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ಇದನ್ನು ಅವರೇ, ನಿವೃತ್ತರಾದ ಮೇಲೆ, ನನ್ನೆದುರು ಒಪ್ಪಿಕೊಂಡರು. ಆದರೆ ಅಂದು ಅವರು ಆಡಿದ ಮಾತು ಬೇರೆ.

"ಪ್ರಯೋಗ ತೋರಸೂಣು ಖಂಡಪ್ಪಾ. ಪುಟದ ಕಾಳಜಿ ನಿನಗ್ಯಾಕ? ಅದು ಹೋದ ವರ್ಷದ್ದದ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಅದ ಸಂಬಂಧ ಐತ್ರಿ ಸರ್."

"ಅರೇ, ನಿನಗ ಮೊದಲ ಗೊತ್ತಿತ್ತು ಅಂತ ಆಗತದಲ್ಲೋ. ನಿನ್ನ ಕೆಲಸ ಹೋಗತದ. ಕೋರ್ಟಿಗೆ ಎಳದ್ರ ಯಾರು ಬರ್ತಾರ?"

"ಭೀಮಣ್ಣಗ ಯಾರು ಬಂದಾರ್ರಿ?"

ರಾಯರು ಕನ್ನಡಕ ಹಾಕಿಕೊಂಡು ಎದ್ದುಹೋದರು.

ಮನೆಯಲ್ಲಿ ಸಾತವ್ವ ಎಲ್ಲವನ್ನೂ ಕೇಳಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಏಳು ವರ್ಷ ಸೋಮವಾರಕ್ಕೊಮ್ಮೆ ಬಸ್ಸಿನಾಗ ಹೋಗಿ ಏನ ಕಲತು ಬಂದೀದಿ, ಈಗ ಗೊತ್ತಾಗತೈತಿ" ಎಂದಳಂತೆ. ಹೋಗು ಎಂದೋ ಬೇಡ ಎಂದೋ ಅವನಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

ಚೌಕಶಿ ನಡೆದದ್ದು ಜೂನ್ ತಿಂಗಳ ಮೊದಲ ವಾರ, ಗಿರಣಿಯ ಕಚೇರಿಯಲ್ಲಿ. ಭೀಮಣ್ಣ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆಯ ಬೆಂಚಿನ ಮೇಲೆ ಕುಳಿತಿದ್ದ. ದಿಗಂಬರರಾಯರು ಚೌಕಶಿಯ ಅಧಿಕಾರಿಯ ಬಲಕ್ಕೆ ಕುಳಿತಿದ್ದರು. ಖಂಡಪ್ಪ ಹರಳನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಕಾಯಿಸಿ, ಮುಳ್ಳು ಬೀಳುವುದನ್ನು ತೋರಿಸಿದ. ಅಧಿಕಾರಿ ಶಾಂತವಾಗಿ ನೋಡಿದರು.

"ಇದನ್ನ ನೀವು ಕಾಸಿದ್ರಿ, ಬಿತ್ತು. ಕಾಸಿದ್ರ ಗಡಿಯಾರನೂ ನಿಲ್ಲತದ. ಗೋದಾಮಿನ್ಯಾಗ ತನ್ನಷ್ಟಕ್ಕ ತಾನು ಅಷ್ಟು ಬಿಸಿ ಆಗಿತ್ತು ಅನ್ನಲಿಕ್ಕೆ ಏನು ಆಧಾರ? ಈ ಅನಾಹುತಕ್ಕಿಂತ ಮೊದಲ, ಬೆಂಕಿ ಹಾಕದ, ಬರೇ ನಮ್ಮೂರ ಬಿಸಿಲಿಗೆ ಇದು ಸತ್ತದ್ದನ್ನ ಯಾರರ ನೋಡ್ಯಾರೇನು?"

ರಾಯರು ನೆಲ ನೋಡಿದರು. ಖಂಡಪ್ಪ ಜೋಳಿಗೆಯಿಂದ ದಫ್ತರ ತೆಗೆದು, ಗುರುತಿಟ್ಟ ಪುಟ ಬಿಚ್ಚಿ, ಎರಡು ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟ.

"ನಾ ನೋಡೀನ್ರಿ. ಹೋದ ವರ್ಷ."

ಅಧಿಕಾರಿ ಓದಿದರು. ಗೆರೆಯ ಮೇಲೆ ಬೆರಳಾಡಿಸಿದರು. "ಇದಕ್ಕ ಕಾಟು ಹೊಡದೀರಲ್ಲ?"

"ಹೊಡದೀನ್ರಿ."

"ಮಗ್ಗದ ಗದ್ದಲ ಅಂತ ಬರದೀರಿ."

"ಮಗ್ಗದ ಗದ್ದಲಕ್ಕ ಮುಳ್ಳು ಕುಣೀತೈತ್ರಿ. ಅವತ್ತು ಕುಣೀಲಿಲ್ಲ. ನನಗ ಗೊತ್ತಿತ್ತು. ರೂಢಿ ಅಂತ ಬರದೆ. ಆಮ್ಯಾಲ ಯಾರಿಗೂ ಹೇಳಲಿಲ್ಲ. ಆ ಪೆಟಿಗಿ ತೊಲಿಗೆ ಬಿಗದು, ಗಂಟಿ ಹೊಡೀಲಿಲ್ಲಂದ್ರ ನಿಶ್ಚಿಂತಿ ಇರ್ರಿ ಅಂತ ಆ ಹೆಣ್ಣಮಕ್ಕಳಿಗೆ ಹೇಳಿದಾಂವನೂ ನಾನು. ಇಂವ ಬಟನ್ ಮುಟ್ಟಿಲ್ಲ."

ಅಧಿಕಾರಿ ಅವನನ್ನೂ ಪುಟವನ್ನೂ ನೋಡಿದರು. "ಈ ಪುಟ ನಮ್ಮ ಕಡೆ ಇರತದ" ಎಂದರು. ಖಂಡಪ್ಪ, ಅದರ ಒಂದು ನಕಲು ಬರೆದುಕೊಳ್ಳಲು ಅಪ್ಪಣೆ ಕೇಳಿದ. ಅವರ ಎದುರಿಗೇ ನಿಂತು ಅಕ್ಷರಕ್ಕೆ ಅಕ್ಷರ ಬರೆದುಕೊಂಡ. ಗೆರೆಯನ್ನೂ ಎಳೆದ.

ಭೀಮಣ್ಣನ ಮೇಲಿನ ಆರೋಪ ಬಿದ್ದುಹೋಯಿತು. ಖಂಡಪ್ಪನ ಕೆಲಸವೂ ಹೋಯಿತು. ತಗಡಿನ ಕೋಣೆಯ ಕೀಲಿಯನ್ನು ಅವನು ಮೇಜಿನ ಮೇಲಿಟ್ಟು ಬಂದ ದಿನ ದಿಗಂಬರರಾಯರು ಕಾಲೇಜಿಗೆ ಬಂದಿರಲಿಲ್ಲ.

ಮಳೆ ಇನ್ನೂ ಬಂದಿರಲಿಲ್ಲ. ಖಂಡಪ್ಪ ಕಂದಲಗಾಂವಕ್ಕೆ ಹೋದ. ಭೀಮಣ್ಣ ಮನೆಯ ಮುಂದೆ ಬೇವಿನ ಮರದ ಬುಡದಲ್ಲಿ ಕುಳಿತಿದ್ದ. ಬಟ್ಟೆ ಬಿಚ್ಚಿದ ಕೈಗಳ ಬೆರಳು ಮಡಚುತ್ತಿರಲಿಲ್ಲ. ಕುಳಿತುಕೊ ಎನ್ನಲಿಲ್ಲ.

"ಆ ಪುಟ ತಂದೀಯೇನು?"

"ತಂದೀನಿ."

"ನನಗ ಓದಾಕ ಬರೂದಿಲ್ಲ. ಓದು."

ಖಂಡಪ್ಪ ನಿಂತುಕೊಂಡೇ ಓದಿದ. ತಾರೀಖು, ಗಂಟೆ, ಉಷ್ಣಮಾನ, ಸೊನ್ನೆ, ಷರಾ.

"ಇನ್ನೊಮ್ಮಿ."

ಮತ್ತೆ ಓದಿದ.

"ಗೆರಿ ಎಲ್ಲೈತಿ?"

ಖಂಡಪ್ಪ ಬಗ್ಗಿ, ಹಾಳೆಯನ್ನು ಅವನ ಕಣ್ಣೆದುರು ಹಿಡಿದು, ಗೆರೆಯ ಈ ತುದಿಯಿಂದ ಆ ತುದಿಯವರೆಗೆ ಬೆರಳು ಎಳೆದು ತೋರಿಸಿದ. ಭೀಮಣ್ಣ ಅದನ್ನು ಬಹಳ ಹೊತ್ತು ನೋಡಿದ.

"ಇಷ್ಟ ಐತಿ" ಎಂದ. "ಇಷ್ಟಕ್ಕ ಆಕಿ ಕುಂತಳು."

ಖಂಡಪ್ಪ ಅವನ ಕಾಲಿಗೆ ಬೀಳಲು ಬಾಗಿದ. ಭೀಮಣ್ಣ ಕಾಲು ಹಿಂದಕ್ಕೆಳೆದುಕೊಂಡ. "ಬ್ಯಾಡ. ಬಿದ್ರ ನಿನಗ ಹಗರಾಗತೈತಿ. ಸಾಹೇಬ ನನ್ನ ಬಿಟ್ಟಾನ. ಈ ಊರು ಬಿಟ್ಟಿಲ್ಲ. ನಾಳಿ ಬಾ. ಗೊಲ್ಲಾಳಪ್ಪನ ಮನಿ ಮುಂದ ಓದು."

ಮರುದಿನ ಅವನು ಹೋದ. ಗೊಲ್ಲಾಳಪ್ಪ ಬಾಗಿಲಲ್ಲಿ ನಿಂತು, ಎದೆಯ ಮೇಲೆ ಕೈಕಟ್ಟಿ ಕೇಳಿದ. ಮುಗಿದ ಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆದರೆ ಅದರ ಮರುದಿನ ಭೀಮಣ್ಣನೊಡನೆ ತಂಗಿಯ ಗುಂಡಿಗೆ ಹೋಗಿ, ಅವನ ಮಡಚದ ಅಂಗೈಯಲ್ಲಿ ತಾನೇ ಮಣ್ಣು ಇಟ್ಟು, ಮೊಣಕೈ ಹಿಡಿದು ಹಾಕಿಸಿದನೆಂದು ಸೋಮವ್ವ ಹೇಳಿದಳು.

ಭೀಮಣ್ಣನಿಗೆ ಅಷ್ಟು ಸಾಲಲಿಲ್ಲ. ತನ್ನ ಮುಖ ನೋಡಿ ಬಾಗಿಲು ಹಾಕಿಕೊಂಡ ಮನೆಗಳನ್ನೆಲ್ಲ ಅವನು ಎಣಿಸಿಟ್ಟಿದ್ದ. ಕೆಲಸ ಹೋದ ಮೇಲೆ ತಾಯಿಯ ಮನೆಗೆ ಮರಳಿದ್ದ ಖಂಡಪ್ಪ ಜೂನ್ ತಿಂಗಳ ಉಳಿದ ದಿನವೆಲ್ಲ ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ, ಅಲ್ಲಿಂದ ಕಂದಲಗಾಂವಕ್ಕೆ ಬಂದು, ದಿನಕ್ಕೊಂದು ಮನೆಯ ಮುಂದೆ ನಿಂತು ಅದೇ ಐದು ಅಂಕಣಗಳನ್ನು ಓದಿದ. ಪ್ರತಿ ಮನೆಯಲ್ಲಿಯೂ ಕಟ್ಟೆಯ ಮೇಲೆ ಭೀಮಣ್ಣ ಕುಳಿತಿರುತ್ತಿದ್ದ. ಒಮ್ಮೆಯೂ ಓದುವವನ ಕಡೆ ನೋಡುತ್ತಿರಲಿಲ್ಲ. ಕೇಳುವವರ ಮುಖವನ್ನು ಮಾತ್ರ ನೋಡುತ್ತಿದ್ದ.

ಒಂದು ಸೋಮವಾರ ನಾನು, ಅದನ್ನು ನಮ್ಮ ಸತ್ಸಂಗದಲ್ಲಿಯೂ ಓದಬಾರದೇ, ಕೇಳಿದವರಿಗೆ ಪುಣ್ಯ ಬಂದೀತು ಎಂದೆ. ಅವನು ತಲೆ ಅಲ್ಲಾಡಿಸಿದ. "ಇಲ್ಲಿ ಯಾರೂ ಭೀಮಣ್ಣಗ ಬೈದಿಲ್ಲಲ್ಲ್ರಿ" ಎಂದ.

ನಾನು ಬದುಕಿನುದ್ದಕ್ಕೂ ಪವಿತ್ರ ಗ್ರಂಥಗಳನ್ನು ಜನರ ಮುಂದೆ ಓದಿದವನು. ಒಂದು ಸಾಲನ್ನು ಇಪ್ಪತ್ತು ಮನೆಗಳ ಮುಂದೆ, ಒಂದು ಅಕ್ಷರ ಬಿಡದೆ, ಒಂದು ಅಕ್ಷರ ಸೇರಿಸದೆ, ತನ್ನ ಪರವಾಗಿ ಒಂದು ಮಾತೂ ಆಡದೆ ಓದಿದ್ದು ನನ್ನಿಂದ ಎಂದೂ ಆಗಿಲ್ಲ.

ಕಡೆಯ ಮನೆಯ ದಿನ ಮೋಡ ಕವಿದಿತ್ತು. ಓದಿ ಮುಗಿದ ಮೇಲೆ ಭೀಮಣ್ಣ ಕಟ್ಟೆಯಿಂದ ಎದ್ದು, ಆ ಹಾಳೆಯನ್ನು ಕೊಡು ಎಂದು ಎರಡು ಮುಂಗೈಗಳನ್ನು ಚಾಚಿದ. ಖಂಡಪ್ಪ ಅದನ್ನು ಮಡಿಸಿ ಅವುಗಳ ನಡುವೆ ಇಟ್ಟ. ಭೀಮಣ್ಣ ಅದನ್ನು ಎದೆಗೆ ಒತ್ತಿಕೊಂಡು, "ಇನ್ನ ಬರಬ್ಯಾಡ" ಎಂದು ಹೇಳಿ ಮನೆಯ ಕಡೆ ನಡೆದ. ಖಂಡಪ್ಪ ಬಸ್ಸು ನಿಲ್ಲುವ ಕಲ್ಲಿನ ಹತ್ತಿರ ಬಂದು ನಿಂತ. ಮಳೆಯ ಮೊದಲ ಹನಿಗಳು ಕಾದ ಮಣ್ಣಿನ ಮೇಲೆ ಬಿದ್ದವು. ಅವನು ಬಲಗೈಯನ್ನು ಮುಂದೆ ಚಾಚಿ, ಯಾವುದೋ ಮುಳ್ಳು ಏಳುವುದನ್ನು ಕಾಯುವವನಂತೆ, ಬಸ್ಸು ಬರುವವರೆಗೆ ಹಾಗೆಯೇ ಹಿಡಿದಿದ್ದ.